ಒಬ್ಬಿಬ್ಬರು ಬನ್ನಿ

ಬೀಗರಾಗಬೇಕಿದ್ದ ಆಲೂರಿನ ಪರಮಶಿವಯ್ಯ ಬೆಳಬೆಳಗ್ಗೆ ಫೋನ್ ಮಾಡಿ, ನಮ್ಮ ಮನೆ ಹಜಾರ ಚಿಕ್ಕದು, ನಾಳೆ ನಿಶ್ಚಿತಾರ್ಥಕ್ಕೆ ನಿಮ್ಮ ಕಡೆಯಿಂದ ಮೂವತ್ತು ಜನ ಸಾಕು ಅಂದುಬಿಟ್ಟರು. ಕೆ. ಹೊಸಕೋಟೆಯ ಟೈಲರ್ ವೀರಭದ್ರಯ್ಯನಿಗೆ ಪಿತ್ತ ನೆತ್ತಿಗೇರಿತು. ಕೇರಿಯಲ್ಲಿ ಹದಿನೈದು ಮನೆ, ಮನೆಗೆ ಆರೇಳು ತಲೆ. ಆದರೆ ಮಗಳು ಚಂದ್ರಿಕಾಗೆ ಮೂರು ವರ್ಷ ಅಲೆದ ಮೇಲೆ ಕೂಡಿಬಂದ ಸಂಬಂಧ. ಹಲ್ಲು ಕಚ್ಚಿಕೊಂಡು, ಹೆಂಡತಿಯ ಕೈಗೆ ಕುಂಕುಮದ ಬಟ್ಟಲು ಕೊಟ್ಟು ಕರೆಯಲು ಹೊರಟ.

ಬಾಗಿಲಲ್ಲಿ ನಿಂತರೆ ಬಾಯಿಗೆ ಬರುವುದು ಒಂದೇ ಮಾತು, ಮನೆಮಂದಿಯೆಲ್ಲಾ ಬನ್ನಿ. ಯಾರೂ ಬೇಡವೆಂದರೆ ಮೆಟ್ಟಿಲೇ ಹತ್ತದಿದ್ದರಾಯಿತು. ಎಲ್ಲರೂ ಬೇಡ, ಅಷ್ಟಿಷ್ಟು ಜನ ಸಾಕು ಅನ್ನುವುದಕ್ಕೆ ಮರ್ಯಾದೆಯ ಒಂದು ಪದ ಬೇಡವೇ? ಮಳೆಗೆ ಇಪ್ಪತ್ತೇಳು ಹೆಸರಿಟ್ಟ ಜನ ಇದಕ್ಕೊಂದು ಇಡಲಿಲ್ಲ, ಇವರ ಮನೆ ಹಾಳಾಗ! ಬೈದುಕೊಳ್ಳುತ್ತಲೇ ಎದುರುಮನೆ ಸುಲೋಚನಮ್ಮನಿಗೆ, ಒಬ್ಬಿಬ್ಬರು ಬಂದುಬಿಡಿ ಅಂದ.

ಯಾರು ಆ ಒಬ್ಬಿಬ್ಬರು ಎಂದು ಆಕೆ ಕೇಳಿದಳು. ಆಗಲೇ ಸೀರೆ ಇಸ್ತ್ರಿ ಮಾಡಿಟ್ಟಿದ್ದ ಸೊಸೆ ನೇತ್ರಾವತಿಯ ಮುಖ ಊದಿಕೊಂಡಿತು.

"ಯಾರನ್ನೂ ಬ್ಯಾಡ ಅಂದಿಲ್ಲ ಕಣಮ್ಮ ನಾನು," ವೀರಭದ್ರಯ್ಯ ರೇಗಿದ. "ಒಬ್ಬಿಬ್ರು ಬನ್ನಿ ಅಂದೆ, ಅಷ್ಟೇಯ."

"ಒಬ್ಬಿಬ್ರು ಅಂದ್ರೆ ಮಿಕ್ಕೋರು ಬ್ಯಾಡ ಅಂತ ನಾವೇ ತಿಳ್ಕತೀವಿ ಮಾರಾಯ. ಅದನ್ನ ಹೇಳಕ್ಕೆ ಬ್ಯಾರೆ ಪದ ಯಾಕೆ? ನಮ್ಮನೆಯಿಂದ ಯಾರೂ ಬರಲ್ಲ," ಅಂದಳು ಸುಲೋಚನಮ್ಮ.

ಸುದ್ದಿ ಅವನಿಗಿಂತ ಮೊದಲೇ ಕೇರಿ ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಹದಿನೈದು ಮನೆಯವರೂ ಯಾರೂ ಬರಲ್ಲ ಅಂದಿದ್ದರು. ಯಾರೂ ಇಲ್ಲ ಅನ್ನುವುದಕ್ಕೆ ಮಾತ್ರ ಪದ ಎಲ್ಲರ ನಾಲಿಗೆ ತುದಿಯಲ್ಲೇ ಇತ್ತು. ಮನೆಗೆ ಬಂದವನು ಹೊಲಿಗೆ ಮಿಷನ್ನಿಗೆ ಒದ್ದು, ಹೋಗಲಿ ಬಿಡು, ಹಜಾರದಲ್ಲಿ ಕಾಲು ಚಾಚಿಕೊಂಡೇ ಕೂರೋಣ ಎಂದು ಹೆಂಡತಿಯ ಮೇಲೆ ಕೂಗಾಡಿದ.

ಸಂಜೆ ಮತ್ತೆ ಪರಮಶಿವಯ್ಯನವರ ಫೋನು ಬಂತು. ಬೆಳಗಿನ ಬಿಗುವು ದನಿಯಲ್ಲಿರಲಿಲ್ಲ.

"ನಮ್ಮೋರಿಗೂ ಒಬ್ಬಿಬ್ರು ಬನ್ನಿ ಅಂದಿದ್ದೆ ಕಣ್ರೀ. ಎಲ್ಲಾ ಮುನಿಸ್ಕಂಡು ಕೂತ್ಬುಟ್ಟವ್ರೆ. ಖಾಲಿ ಹಜಾರದಲ್ಲಿ ಶಾಸ್ತ್ರ ಮಾಡದು ಬ್ಯಾಡ, ಸಂಬಂಧನೇ ಬ್ಯಾಡ ಅಂತವ್ರೆ ನಮ್ಮವ್ವ. ನಿಮ್ಮ ಕೇರಿಯೋರ್ನೆಲ್ಲ ಕರ್ಕಂಡು ಬನ್ನಿ."

ವೀರಭದ್ರಯ್ಯ ಸಿಟ್ಟನ್ನೆಲ್ಲ ನುಂಗಿಕೊಂಡ. ಹೆಂಡತಿಯನ್ನು ಎಬ್ಬಿಸಿಕೊಂಡು ಮತ್ತೆ ಎದುರುಮನೆ ಮೆಟ್ಟಿಲು ಹತ್ತಿದ. ಕೈಮುಗಿದು, "ಮನೆಮಂದಿಯೆಲ್ಲಾ ಬನ್ನಿ ತಾಯಿ," ಅಂದ.

ಸುಲೋಚನಮ್ಮ ಸಮಾಧಾನವಾಗಿ ಕುಂಕುಮ ಇಟ್ಟುಕೊಂಡಳು.

"ಓಹೋ, ಬೀಗರ ಕಡೆಯೋರು ಯಾರೂ ಬರ್ತಿಲ್ಲ ಅನ್ನಿ," ಎಂದು ಬಾಗಿಲು ಹಾಕಿಕೊಂಡಳು.