ತಪಾಸಣೆಗಾರನ ಮನೆಯ ಕಪ್ಪೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಲ್ಲು. ಅದೂ ಇನ್ನೂ ಹೊರಗೆ ಬಂದಿರಲಿಲ್ಲ.

ತಪಾಸಣೆಗಾರನ ಮಗಳು ಒಂದು ವಾರದಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ಅತ್ತೆ ಎಲ್ಲಿಂದಲೋ ತಂದ ಹಸಿರು ಆಟಿಕೆ ಕಪ್ಪೆ ಬಾಯಲ್ಲಿದ್ದರೆ ಮಾತ್ರ ಮನೆ ಶಾಂತ. ಆದರೆ ಹಾಲಿನ ಬಾಟಲಿ, ಹಲ್ಲು ಬರುವ ಮಕ್ಕಳು ಕಚ್ಚುವ ಟೀಥರುಗಳಲ್ಲಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ವಿಷಗಳು ಇರಕೂಡದೆಂದು ಹೊಸ ಕಾನೂನು ಬಂದಿತ್ತು; ಅಂಗಡಿ ಅಂಗಡಿ ಸುತ್ತಿ ಅದನ್ನು ಜಾರಿ ಮಾಡುವುದೇ ಅವನ ಕೆಲಸ. ಕಪ್ಪೆಗೋ ಲೇಬಲ್ಲಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ.

“ಅತ್ತೆ, ಇದರಲ್ಲಿ ವಿಷ ಇರಬಹುದು.”

“ನಿಮ್ಮ ಹೆಂಡ್ತಿ ಇಂಥದ್ದೇ ಕಚ್ಚಿ ಬೆಳೆದೋಳು ಅಳಿಯಂದ್ರೇ. ಅವಳಿಗೇನಾಗಿದೆ, ಹೇಳಿ ನೋಡೋಣ.”

ಹೆಂಡತಿಯೂ ಉತ್ತರ ಕೇಳಲು ಅಡುಗೆಮನೆ ಬಾಗಿಲಿಗೆ ಬಂದಳು. ಅವನು ಕಪ್ಪೆಯನ್ನು ಜೇಬಿಗಿಳಿಸಿ ಹೊರಟ. ಬೆನ್ನ ಹಿಂದೆ ಮಗು ಕಾರ್ಖಾನೆಯ ಸೈರನ್ನಿನಂತೆ ಅಳಲು ಶುರುವಿಟ್ಟುಕೊಂಡಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಹಿಡಿದರು. “ಏನಪ್ಪಾ, ಈಗ ಮಗು ಬಾಯಿಂದಾನೂ ಜಪ್ತಿ ಮಾಡ್ತೀಯಾ?”

ಅಂದು ಮೇಲಧಿಕಾರಿ ಮೇಡಂ ಜೊತೆ ಮಕ್ಕಳ ಸಾಮಾನಿನ ಅಂಗಡಿಯೊಂದರ ತಪಾಸಣೆ. ಎಲ್ಲ ಡಬ್ಬಿಗೂ ಲೇಬಲ್, ಒಂದಕ್ಕೂ ಕುಂದಿಲ್ಲ. ಬೆವರೊರೆಸಲು ಅವನು ಕರ್ಚೀಫ್ ಎಳೆದ. ಕಪ್ಪೆ ಜೊತೆಗೇ ಬಂದು ಗಾಜಿನ ಕೌಂಟರಿನ ಮೇಲೆ ಪುಟಿದು ಮೇಡಂ ಎದುರು ಕೂತಿತು.

ಅಂಗಡಿಯವನು ಬಿಳಿಚಿಕೊಂಡ. “ಇದು ನಮ್ಮದಲ್ಲ ಮೇಡಂ.”

ಸುಮ್ಮನಿದ್ದರೆ ಅಂಗಡಿಗೆ ಬೀಗ, ಬಾಯಿಬಿಟ್ಟರೆ ತನ್ನ ಅನ್ನಕ್ಕೆ.

“ನಂದು ಮೇಡಂ.”

“ನೀವು ಕಚ್ತೀರಾ?”

“ಮಗಳು.”

ಮೇಡಂ ಕಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿದರು. “ಲ್ಯಾಬಿಗೆ ಹೋಗ್ಲಿ. ಜೊತೆಗೆ ಮಾದರಿಗೆ ಈ ಅಂಗಡಿಯ ನೀಲಿ ಆನೆ ಟೀಥರೂ ಒಂದು. ಕಪ್ಪೇಲಿ ವಿಷ ಸಿಕ್ತೋ, ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ.”

ಬರಿಗೈಲಿ ಮನೆಗೆ ಹೋಗುವ ಧೈರ್ಯವಿಲ್ಲದೆ ಅವನೂ ಅಂಥದ್ದೇ ಒಂದು ನೀಲಿ ಆನೆ ಕೊಂಡ. “ವಿಷರಹಿತ ಅಂತ ಡಬ್ಬಿ ಮೇಲೇ ಇದೆ ಸಾರ್,” ಎಂದ ಅಂಗಡಿಯವನು, ಹೋದ ಜೀವ ಬಂದವನಂತೆ.

ಸಂಜೆ ಮನೆಯಲ್ಲಿ ಅರ್ಧ ಬೀದಿಯೇ ಸೇರಿತ್ತು. ಒಬ್ಬರು ಗಿಲಕಿ ಆಡಿಸುತ್ತಿದ್ದರು, ಮೇಷ್ಟ್ರು ಮಗ್ಗಿ ಹೇಳುತ್ತಿದ್ದರು. ಮಗು ಎಲ್ಲರನ್ನೂ ಮೀರಿಸಿ ಅಳುತ್ತಿತ್ತು. ಆನೆಯನ್ನು ಮೊದಲು ಉಗಿಯಿತು. ಮತ್ತೆ ಉಗಿಯಿತು. ಆಮೇಲೆ ಏನನ್ನಿಸಿತೋ, ಅದರ ಕಿವಿ ಹಿಡಿದು ಕಚ್ಚುತ್ತ ಕಚ್ಚುತ್ತ ನಿದ್ದೆಹೋಯಿತು.

“ಪರವಾಗಿಲ್ಲ ಅಳಿಯಂದ್ರೇ, ನಿಮ್ಮ ಕಾನೂನಿಗೂ ರುಚಿ ಇದೆ,” ಎಂದರು ಅತ್ತೆ ಪಿಸುದನಿಯಲ್ಲಿ. ಒಬ್ಬೊಬ್ಬರೇ ತುದಿಗಾಲಲ್ಲಿ ಹೊರಟರು. ಅಷ್ಟರಲ್ಲಿ ಲ್ಯಾಬಿನಿಂದ ಫೋನ್.

“ಸಾರ್, ನಿಮ್ಮ ಕಪ್ಪೆ ಅಪ್ಪಟ ರಬ್ಬರ್. ಹುಡುಕಿದ್ರೂ ವಿಷ ಇಲ್ಲ.”

ಕೆಲಸ ಉಳಿಯಿತು. ಅವನು ಗೋಡೆಗೊರಗಿ ಉಸಿರುಬಿಟ್ಟ. “ಹಾಗಾದ್ರೆ ಬೆಳಿಗ್ಗೆ ಬಂದು ಕಪ್ಪೆ ತಗೊಳ್ತೀನಿ.”

“ಎಲ್ಲಿಂದ ಕೊಡ್ಲಿ? ಚೂರು ಮಾಡಿ, ಕರಗಿಸಿ ತಾನೇ ಪರೀಕ್ಷೆ ಮಾಡೋದು.”

“ಹೋಗ್ಲಿ ಬಿಡಿ. ಆನೆ ಇದೆ.”

“ಆನೆನಾ? ಅದನ್ನ ಹೇಳೋಕೇ ಫೋನ್ ಮಾಡಿದ್ದು. ವಿಷ ಇರೋದೆಲ್ಲ ಅದರಲ್ಲೇ. ಯಾವ ಮಗು ಬಾಯಲ್ಲಿದ್ರೂ ಈಗಿಂದೀಗಲೇ ಕಿತ್ಕೊಳ್ಳಿ ಅಂತ ಮೇಡಂ ಆರ್ಡರ್.”

ಅವನು ತೊಟ್ಟಿಲಿಗೆ ಬಗ್ಗಿ, ಸೊಂಡಿಲು ಹಿಡಿದು, ಮೆಲ್ಲಗೆ ಎಳೆದ. ಸೈರನ್ ಮತ್ತೆ ಶುರುವಾಯಿತು.

ಹೊಸಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ ಮೇಷ್ಟ್ರು ಅದನ್ನು ಮತ್ತೆ ಬಿಟ್ಟು ಒಳಗೆ ಬಂದರು.