ಘಟಸರ್ಪದ ದವಡೆಹಲ್ಲು

ಸಿಟ್ಟು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಕೆಂಪು ಪೆನ್ನಿನವರಿಗೆ ಮಾತ್ರ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೂಗಿನ ತುದಿಯಲ್ಲೇ ಬಿಡಾರ ಹೂಡಿಕೊಂಡಿದೆ. ಅವರು ಒಂದು ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುವವರು. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ತಪ್ಪು ಹುಡುಕಿ ಹುಡುಕಿ, ಜಗತ್ತಿನಲ್ಲಿ ತಪ್ಪು ಮಾಡದವನು ತಾನೊಬ್ಬನೇ ಎಂಬ ತೀರ್ಮಾನಕ್ಕೆ ಬಂದಿದ್ದರು. ಮನೆಗೆ ಬಂದರೂ ಪೆನ್ನು ಜೇಬಿನಿಂದ ಇಳಿಯುತ್ತಿರಲಿಲ್ಲ. ಹೆಂಡತಿ ಬರೆದ ಸಾಮಾನಿನ ಚೀಟಿ, ಮಗಳು ಬರೆದ ಸೂರ್ಯ (ಬಲಗಡೆ ಎರಡು ಕಿರಣ ಕಡಿಮೆ), ಇಸ್ತ್ರಿಯವನ ಪಟ್ಟಿ, ಎಲ್ಲದರ ಮೇಲೂ ಕೆಂಪು ಗೀಟು. ಒಮ್ಮೆ ಮಾವನವರ ಕ್ಷೇಮಸಮಾಚಾರದ ಕಾಗದವನ್ನು ತಿದ್ದಿ ವಾಪಸು ಕಳಿಸಿದ್ದರು. ಮಾವನವರು ಅಂದಿನಿಂದ ಕಾಗದ ಬರೆಯುವುದನ್ನು ಬಿಟ್ಟು ಮನೆಗೆ ಫೋನು ಹಾಕಿಸಿಕೊಂಡರು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ: ಮೂಲಪ್ರತಿ ಪಕ್ಕದಲ್ಲಿಟ್ಟುಕೊಳ್ಳದೆ ಒಂದು ಚುಕ್ಕೆಯನ್ನೂ ತಿದ್ದಬೇಡ, ನೆನಪನ್ನು ನಂಬುವವನು ಈ ಕಸುಬಿಗೆ ನಾಲಾಯಕ್ಕು. ಈ ಮಾತನ್ನು ಓದುಗರು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಅವರಂತೂ ಇಟ್ಟುಕೊಳ್ಳಲಿಲ್ಲ.

ಇಂಥ ಮನುಷ್ಯನಿಗೂ ಒಂದು ಮೆತ್ತನೆಯ ಜಾಗವಿತ್ತು. ಐದು ವರ್ಷದ ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಟಾಕೀಸಿನಲ್ಲಿ ನೋಡಿದ ಒಂದು ಕಾರ್ಟೂನ್ ಸಿನಿಮಾ. ಕಲ್ಲುಕೋಟೆಯೊಳಗೆ ಒಬ್ಬಳು ರಾಜಕುಮಾರಿ, ಬಾಗಿಲಲ್ಲಿ ಬೆಂಕಿ ಉಗುಳುವ ಘಟಸರ್ಪ, ಕುದುರೆ ಏರಿ ಬರುವ ರಾಜಕುಮಾರ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಇದರಲ್ಲಿ ಅವರ ಪ್ರಾಣವಿದ್ದದ್ದು ಕೊನೆಯ ದೃಶ್ಯದಲ್ಲಿ. ರಾಜಕುಮಾರ ಕತ್ತಿ ಎತ್ತುತ್ತಾನೆ. ಆಗ ರಾಜಕುಮಾರಿ ಅಡ್ಡ ಬಂದು, "ಸುಮ್ಮಸುಮ್ಮನೆ ಯಾರಿಗೂ ಇಷ್ಟು ಸಿಟ್ಟು ಬರಲ್ಲ, ಇದಕ್ಕೆ ಎಲ್ಲೋ ನೋಯ್ತಿರಬೇಕು" ಎನ್ನುತ್ತಾಳೆ. ಬಾಯಿ ತೆರೆಸಿ ನೋಡಿದರೆ ದವಡೆಹಲ್ಲು ಹುಳುಕು. ಪಾಪ, ನೂರು ವರ್ಷದ ಹಲ್ಲುನೋವು. ಘಟಸರ್ಪ ಒಂದು ಕೊಳದಷ್ಟು ಉಪ್ಪುನೀರು ಮುಕ್ಕಳಿಸುತ್ತದೆ, ರಾಜಕುಮಾರಿ ಹಲ್ಲು ಕೀಳುತ್ತಾಳೆ, ಅದು ಹೋ ಎಂದು ಅತ್ತು ತನ್ನ ಕಣ್ಣೀರಿನಲ್ಲೇ ತನ್ನ ಬೆಂಕಿ ಆರಿಸಿಕೊಳ್ಳುತ್ತದೆ.

ಮಗಳಿಗೆ ಈಗ ಎಂಟು ವರ್ಷ. ಅವಳು ಉಂಡ ತುತ್ತುಗಳಲ್ಲಿ ಅರ್ಧದಷ್ಟು ಈ ಘಟಸರ್ಪದ ಬಾಯಿಯ ಮೂಲಕವೇ ಒಳಗೆ ಹೋಗಿದ್ದವು. ಅಪ್ಪ ಸಿಟ್ಟಿಲ್ಲದೆ ಮಾತಾಡುವುದು ಆ ಕಥೆ ಹೇಳುವಾಗ ಮಾತ್ರ ಎಂಬುದು ಅವಳಿಗೂ ಗೊತ್ತಿತ್ತು. ಆದ್ದರಿಂದ ಬಾಯಿಪಾಠ ಬಂದಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದಳು.

ಹೀಗಿರಲಾಗಿ ಒಂದು ದಿನ ವಿಡಿಯೊ ಅಂಗಡಿಯವನ ಕರಪತ್ರವೊಂದು ತಿದ್ದುವುದಕ್ಕೆಂದು ಅವರ ಮೇಜಿಗೇ ಬಂತು. ಅದೇ ಸಿನಿಮಾ, ಮೂವತ್ತೇಳು ವರ್ಷಗಳ ನಂತರ, ಇದೇ ಮೊದಲ ಸಲ ಕ್ಯಾಸೆಟ್ಟಿನಲ್ಲಿ, ನಿಮ್ಮ ಮನೆಯ ಟಿ.ವಿ.ಯಲ್ಲಿ! ಕೆಂಪು ಪೆನ್ನಿನವರು ಎರಡು ತಪ್ಪು ತಿದ್ದಿದರು, ಕಣ್ಣೊರೆಸಿಕೊಂಡರು, ಬಿಡುಗಡೆಯ ದಿನ ಅಂಗಡಿಯ ಬಾಗಿಲು ಪೂರ್ತಿ ಮೇಲೆ ಹೋಗುವ ಮೊದಲೇ ಬಗ್ಗಿ ಒಳಗೆ ನುಗ್ಗಿ ಮೊದಲ ಕ್ಯಾಸೆಟ್ಟು ತಂದರು.

ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಟಿ.ವಿ. ಮುಂದೆ ಕೂತರು. ಹೆಂಡತಿ, ಮಗಳು, ಬಟಾಣಿ ಬಿಡಿಸುತ್ತಿದ್ದ ತಾಯಿ, ಮಗಳ ಕ್ಲಾಸಿನ ನಾಲ್ಕು ಹುಡುಗಿಯರು. (ಹಲ್ಲು ಕೀಳುವ ದೃಶ್ಯವನ್ನು ಮಗಳು ಇಡೀ ಶಾಲೆಗೆ ಅಭಿನಯಿಸಿ ತೋರಿಸಿದ್ದಳು. ಇವರು ಪರೀಕ್ಷಕರಾಗಿ ಬಂದಿದ್ದರು.) ಕೋಟೆ ಬಂತು, ಕುದುರೆ ಬಂತು, ಘಟಸರ್ಪ ಬಂತು. "ಈಗ ನೋಡಿ, ಈಗ ನೋಡಿ" ಎಂದು ಕೆಂಪು ಪೆನ್ನಿನವರು ಕುರ್ಚಿಯ ತುದಿಗೆ ಬಂದರು. ರಾಜಕುಮಾರ ಕತ್ತಿ ಎತ್ತಿದ. ಒಂದೇ ಏಟಿಗೆ ಘಟಸರ್ಪದ ತಲೆ ಬೆಟ್ಟದ ಕೆಳಗೆ ಉರುಳಿತು. ಮದುವೆ. ಶುಭಂ.

ಕೆಂಪು ಪೆನ್ನಿನವರು ಟೇಪು ಹಿಂದಕ್ಕೆ ಓಡಿಸಿ ನೋಡಿದರು, ಮತ್ತೆ ಓಡಿಸಿದರು. ಘಟಸರ್ಪದ ತಲೆ ಏಳು ಸಲ ಬಂದು ಕುತ್ತಿಗೆಗೆ ಕೂತು ಏಳು ಸಲ ಉರುಳಿತು. ನಾಲ್ಕು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಲಿ ಹಾಕಿಕೊಂಡು ಹೊರಟರು. ಮಾರನೆಯ ದಿನ ಶಾಲೆಯಲ್ಲಿ ಮಗಳಿಗೆ ಸುಳ್ಳುಬುರುಕಿ ಎಂದು ಹೆಸರಾಯಿತು. ಅವಳು ಮನೆಗೆ ಬಂದು ಚೀಲ ಇಳಿಸುತ್ತ ಮೆಲ್ಲಗೆ ಕೇಳಿದಳು: "ಅಪ್ಪಾ, ನೀನು ಸುಳ್ಳು ಹೇಳಿದ್ಯಾ?"

ಅಲ್ಲಿಗೆ ಹೊತ್ತಿಕೊಂಡಿತು ನೋಡಿ. ಅವರ ಎದೆಗೆ ಯಾರೋ ಹಾರೆ ಹಾಕಿದಂತಾಯಿತು, ಆದರೆ ಅಂಥವರಿಗೆ ದುಃಖವೂ ಸಿಟ್ಟಿನ ಬಾಗಿಲಿನಿಂದಲೇ ಹೊರಗೆ ಬರಬೇಕು. ದೃಶ್ಯವನ್ನು ಕತ್ತರಿಸಿದ್ದಾರೆ! ಕ್ಯಾಸೆಟ್ಟಿನ ಹೊದಿಕೆ ತೆಗೆದು, ಅದರ ಮೇಲಿನ ಚಿತ್ರದಲ್ಲಿ ರಾಜಕುಮಾರನ ಕತ್ತಿಗೂ ಘಟಸರ್ಪದ ಕುತ್ತಿಗೆಗೂ ನಡುವೆ ಕೆಂಪು ಶಾಯಿಯಲ್ಲಿ ಒಂದು ಹಂಸಪಾದ ಎಳೆದರು. ಬರಹದಲ್ಲಿ ಏನಾದರೂ ಬಿಟ್ಟುಹೋದ ಕಡೆ ಹಾಕುವ ಗುರುತು ಅದು. ಹೊದಿಕೆ ಹರಿಯುವಷ್ಟು ಒತ್ತಿ ಎಳೆದರು.

ಮೊದಲ ಏಟು ವಿಡಿಯೊ ಅಂಗಡಿಯವನಿಗೆ. ಅವನು ಕಡಲೆಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡ. ಬೇರೆ ಕ್ಯಾಸೆಟ್ಟು ಹಾಕಿ ತೋರಿಸಿದ. ಅದರಲ್ಲೂ ತಲೆ ಉರುಳಿತು. ಮೂರನೆಯದರಲ್ಲೂ ಉರುಳಿತು. "ಸಾರ್, ನಾನು ಕ್ಯಾಸೆಟ್ ಮಾರೋನು, ಘಟಸರ್ಪ ಸಾಕಿದೋನಲ್ಲ" ಎಂದ. ಕೆಂಪು ಪೆನ್ನಿನವರು ಅವನ ಬೋರ್ಡಿನಲ್ಲಿರುವ ಮೂರು ತಪ್ಪುಗಳನ್ನು ಬೀದಿಯವರಿಗೆಲ್ಲ ಕೇಳುವಂತೆ ಓದಿ ಹೇಳಿ ಹೊರಬಂದರು.

ಮನೆಯಲ್ಲಿ ಹೆಂಡತಿ, ಅಷ್ಟು ಚಿಕ್ಕಂದಿನಲ್ಲಿ ನೋಡಿದ್ದು, ಮರೆತಿರಬಹುದಲ್ಲ ಎಂದು ಒಂದು ಮಾತು ಆಡಿ ನೋಡಿದಳು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಮದುವೆಯಾದ ವಾರದಲ್ಲೇ ಅವಳಿಗೆ ತಿಳಿದಿತ್ತು. ಆದರೂ ಹೆಂಗಸಿನ ಆಸೆ. ಉತ್ತರವಾಗಿ ಅವಳಿಗೆ ಅವರ ನೆನಪಿನ ಶಕ್ತಿಯ ಬಗ್ಗೆ ಒಂದು ಗಂಟೆ ಉಪನ್ಯಾಸ ಸಿಕ್ಕಿತು. ಆ ಗಂಟೆಯಲ್ಲಿ ಹಾಲು ಎರಡು ಸಲ ಉಕ್ಕಿತು. ಅದೂ ಅವಳದೇ ತಪ್ಪಾಯಿತು.

ಆಮೇಲೆ ಶುರುವಾಯಿತು ಸಹಿ ಸಂಗ್ರಹ ಎಂಬ ಮಹಾಯುದ್ಧ. ಮೇಲಿನ ಮನೆಯವರು, ಕೆಳಗಿನ ಮನೆಯವರು, ಅರ್ಧ ಗಡ್ಡ ಕೆರೆಸಿಕೊಂಡು ಓಡಲಾಗದೆ ಕೂತಿದ್ದ ಕ್ಷೌರದಂಗಡಿಯ ಗಿರಾಕಿಗಳು, ಯಾರನ್ನೂ ಬಿಡಲಿಲ್ಲ. ಮೊದಮೊದಲು ಜನ ಅಂಥ ದೃಶ್ಯ ನೆನಪಿಲ್ಲ ಎಂದರು. ಕೆಂಪು ಪೆನ್ನಿನವರು ಕಣ್ಣು ಕೆಂಪು ಮಾಡಿ ಇನ್ನೊಮ್ಮೆ ಯೋಚಿಸಿ ಎಂದಾಗ ಒಬ್ಬೊಬ್ಬರಿಗೂ ನೆನಪಾಗತೊಡಗಿತು. ಆ ಸಿನಿಮಾವನ್ನು ಜನ್ಮದಲ್ಲಿ ನೋಡದವರಿಗೂ ನೆನಪಾಯಿತು. ಹಲ್ಲಿನ ಡಾಕ್ಟರಂತೂ ಆ ದೃಶ್ಯ ನೋಡಿಯೇ ತಾನು ಈ ಓದಿಗೆ ಸೇರಿದ್ದೆಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಒಟ್ಟು ನಲವತ್ತೊಂದು ಸಹಿ. ಸಹಿ ಹಾಕದೆ ಉಳಿದವರು ತಾಯಿ ಒಬ್ಬರೇ. ಕಾಗದ ಮುಂದೆ ಹಿಡಿದಾಗಲೆಲ್ಲ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೆಯೇ ಇರುತ್ತಿತ್ತು.

ಸಿನಿಮಾ ಕಂಪನಿಗೆ ಒಂಬತ್ತು ಹಾಳೆಯ ಪತ್ರ ತಯಾರಾಯಿತು, ಕಾರ್ಬನ್ ಪ್ರತಿಯ ಸಮೇತ. ಬೇಡಿಕೆ ಮೂರು. ಒಂದು, ಕದ್ದ ದೃಶ್ಯವನ್ನು ತಕ್ಷಣ ಹಿಂದಿರುಗಿಸತಕ್ಕದ್ದು. ಎರಡು, ತಪ್ಪಾಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸತಕ್ಕದ್ದು. ಮೂರು, ಈ ಮೋಸಕ್ಕೆ ಮೂಲಕಾರಣರಾದ ವ್ಯಕ್ತಿ ಖುದ್ದಾಗಿ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಮತ್ತು ಮಗಳ ಸಮ್ಮುಖದಲ್ಲಿ, ಎದ್ದು ನಿಂತು ಕ್ಷಮೆ ಕೇಳತಕ್ಕದ್ದು.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಅಂಚೆ ಕಚೇರಿಯ ರಿಜಿಸ್ಟರ್ ಕೌಂಟರಿನಲ್ಲಿ. ಕೆಂಪು ಪೆನ್ನಿನವರು ಎಲ್ಲರಂತೆ ಸಾಲಿನಲ್ಲಿ ನಿಂತು ಲಕೋಟೆಯನ್ನು ಕಿಂಡಿಯೊಳಗೆ ತಳ್ಳಿದರು. ಅವಳೂ ಎಲ್ಲರಿಗೂ ಮಾಡುವಂತೆ ತೂಕಕ್ಕೆ ಹಾಕಿ, ತಿರುವಿ ನೋಡಿ, ಲಕೋಟೆಯನ್ನು ವಾಪಸು ತಳ್ಳಿದಳು.

"ಕಳಿಸೋರ ವಿಳಾಸ ಬಿಟ್ಟುಹೋಗಿದೆ. ಬರ್ಕೊಂಡು ಬನ್ನಿ. ನೆಕ್ಸ್ಟ್."

"ನನ್ನ ವಿಳಾಸ ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತಿದ್ರೆ ಸಾಕಾ? ಲಕೋಟೆಗೆ ಗೊತ್ತಿರಬೇಡ್ವಾ?"

ಹಿಂದೆ ನಿಂತವರು ನಕ್ಕರು. ಸಾಲಿನ ಕೊನೆಗೆ ಹೋಗಿ ಮತ್ತೆ ಬರುವಷ್ಟರಲ್ಲಿ ಅವರ ಸಿಟ್ಟು ಪತ್ರದ ತೂಕವನ್ನೂ ಮೀರಿತ್ತು.

ಐದು ವಾರ ಕಳೆಯಿತು. ಆ ಐದು ವಾರವೂ ಮಗಳು ಶಾಲೆಯಲ್ಲಿ ಒಬ್ಬಳೇ ಕೂತು ಊಟ ಮಾಡಿದಳು. ಕಥೆ ಕೇಳುವುದನ್ನೂ ಬಿಟ್ಟಳು. ಇದನ್ನು ನೋಡಿ ನೋಡಿ ಅವರು ಇನ್ನಷ್ಟು ಉರಿದರು. ಮುದ್ರಣಾಲಯದಲ್ಲಿ ಆ ತಿಂಗಳು ಬಂದ ಪುಸ್ತಕಗಳ ಕರಡುಗಳೆಲ್ಲ ಮೀನಿನಂಗಡಿಯ ಹಲಗೆಯ ಹಾಗೆ ಕೆಂಪಾಗಿದ್ದವು.

ಕಡೆಗೊಂದು ಸಂಜೆ ಹೆಂಡತಿ ಕೈಚೀಲದಿಂದ ಉತ್ತರ ತೆಗೆದುಕೊಟ್ಟಳು. ನಾಲ್ಕೇ ಸಾಲು. ಮೂಲ ಸುರುಳಿಯನ್ನು ಮೂರು ಬಾರಿ ಪರಿಶೀಲಿಸಲಾಗಿದೆ. ತಾವು ಬರೆದ ದೃಶ್ಯ ನಮ್ಮ ಚಿತ್ರದಲ್ಲಿ ಇಲ್ಲ, ಎಂದೂ ಇರಲಿಲ್ಲ. ಆದರೂ ಉಪ್ಪುನೀರಿನ ಭಾಗ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಬಹಳ ಹಿಡಿಸಿತು. ಅದನ್ನು ಕಲ್ಪಿಸಿದವರಿಗೆ ನಮ್ಮ ಅಭಿನಂದನೆ ತಿಳಿಸಿ.

ಕಲ್ಪಿಸಿದವರಿಗೆ! ಕೆಂಪು ಪೆನ್ನಿನವರು ಕುಣಿದಾಡಿಬಿಟ್ಟರು. ಕಳ್ಳರು, ಸುಳ್ಳರು, ಹಾಡಹಗಲು ದರೋಡೆ ಮಾಡಿ ಅಭಿನಂದನೆ ಬೇರೆ ಹೇಳುತ್ತಾರೆ. ನಾಳೆಯೇ ವಕೀಲರನ್ನು ನೋಡುತ್ತೇನೆ. ನಲವತ್ತೊಂದು ಜನರನ್ನೂ ಕಟಕಟೆಗೆ ಹತ್ತಿಸುತ್ತೇನೆ, ಮೊದಲು ಹಲ್ಲಿನ ಡಾಕ್ಟರನ್ನು! ಗೋಡೆಯ ಕ್ಯಾಲೆಂಡರು ಅವರು ಬೀಸಿದ ಕೈಗೆ ಸಿಕ್ಕಿ ಕೆಳಗೆ ಬಿತ್ತು.

ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ತಾಯಿ ಬುಟ್ಟಿ ಪಕ್ಕಕ್ಕಿಟ್ಟರು.

"ಕೋರ್ಟಿಗೆಲ್ಲ ಹೋಗಬೇಡ ಕಣೋ. ನೀನು ಆ ಸಿನಿಮಾ ಪೂರ್ತಿ ನೋಡೇ ಇಲ್ಲ."

"ಏನಂದೆ?"

"ಆ ಪ್ರಾಣಿ ಬಾಯಿ ತೆಗೆದದ್ದೇ ತಡ, ನೀನೂ ಬಾಯಿ ತೆಗೆದೆ. ಟಾಕೀಸೆಲ್ಲ ನಮ್ಮನ್ನೇ ನೋಡ್ತಿತ್ತು. ಎತ್ಕೊಂಡು ಹೋಗೇ ಅಂದ್ರು ನಿಮ್ಮಪ್ಪ. ಹೊರಗೆ ಮೆಟ್ಟಿಲ ಮೇಲೆ ಕೂರಿಸ್ಕೊಂಡೆ. ಮುಂದೇನಾಯ್ತು, ಮುಂದೇನಾಯ್ತು ಅಂತ ಒಂದೇ ಸಮ ರಂಪ. ನಾನಾದ್ರೂ ಎಲ್ಲಿ ನೋಡಿದ್ದೆ? ಆವತ್ತು ನಿನಗೆ ದವಡೆ ಊದಿತ್ತು. ಎರಡು ದಿನದಿಂದ ಉಪ್ಪುನೀರು ಮುಕ್ಕಳಿಸು ಅಂದ್ರೆ ಕೇಳ್ತಿರಲಿಲ್ಲ. ಅದಕ್ಕೇ, ಆ ಘಟಸರ್ಪಕ್ಕೂ ಹಲ್ಲುನೋವು, ಅದು ಮುಕ್ಕಳಿಸ್ತು ಅಂದೆ. ಮನೆಗೆ ಬಂದು ನೀನೂ ಮುಕ್ಕಳಿಸಿದೆ."

ಕೆಂಪು ಪೆನ್ನಿನವರು, ಮೂವತ್ತೇಳು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರು.

"ನೀನು ಎಷ್ಟು ಚೆನ್ನಾಗಿ ಹೇಳ್ತಿದ್ದೆ. ನಡುವೆ ಬಾಯಿ ಹಾಕಿ ತಿದ್ದೋದಕ್ಕೆ ನಾನೇನು ನೀನಾ?" ಎಂದರು ತಾಯಿ. "ಕ್ಯಾಸೆಟ್ ತಂದ ದಿನವೇ ಹೇಳೋಣ ಅಂತಿದ್ದೆ. ನೀನು ಯಾರಿಗಾದ್ರೂ ಮಾತಾಡೋಕೆ ಬಿಟ್ರೆ ತಾನೇ? ನಾನೂ ಸಿನಿಮಾದ ಕೊನೆ ನೋಡಿದ್ದು ಈ ಕ್ಯಾಸೆಟ್ಟಲ್ಲೇ. ನಂದೇ ವಾಸಿ ಅನ್ನಿಸ್ತು."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮೂಲಪ್ರತಿ ಮನೆಯ ಮೂಲೆಯಲ್ಲೇ ಕೂತು ಬಟಾಣಿ ಬಿಡಿಸುತ್ತಿರುವಾಗ ಈ ಮಹಾನುಭಾವರು ಒಂಬತ್ತು ಹಾಳೆ ಬರೆದು, ನಲವತ್ತೊಂದು ಜನರಿಂದ ಸುಳ್ಳು ಹೇಳಿಸಿ, ಒಂದು ಇಡೀ ಕಂಪನಿಯನ್ನು ತಿದ್ದಲು ಹೊರಟಿದ್ದರು. ಹೆಂಡತಿ ಮೇಜಿನ ಖಾನೆಯಿಂದ ಪತ್ರದ ಕಾರ್ಬನ್ ಪ್ರತಿ ತೆಗೆದಳು. ಕೌಂಟರಿನ ಧ್ವನಿಯಲ್ಲಿ ಮೂರನೆಯ ಬೇಡಿಕೆಯನ್ನು ಓದಿದಳು: ಮೂಲಕಾರಣರಾದ ವ್ಯಕ್ತಿ, ಖುದ್ದಾಗಿ, ನಮ್ಮ ಮನೆಗೆ ಬಂದು, ಎದ್ದು ನಿಂತು.

ತಾಯಿ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು. ಮಡಿಲಿನಿಂದ ಎರಡು ಬಟಾಣಿ ಉರುಳಿದವು. "ಎಲ್ಲಿ ನಿಲ್ಲಲಿ, ಹೇಳು" ಎಂದರು.

ಕೆಂಪು ಪೆನ್ನಿನವರ ಮುಖ ಅವರ ಶಾಯಿಯ ಬಣ್ಣಕ್ಕೆ ತಿರುಗಿತು. ಬಯ್ಯಬೇಕು, ಯಾರನ್ನಾದರೂ ಬಯ್ಯಲೇಬೇಕು, ಆದರೆ ಸುತ್ತ ನೋಡಿದರೆ ಬಯ್ಯುವುದಕ್ಕೆ ಅರ್ಹರಾದವರು ಒಬ್ಬರೇ ಕಾಣುತ್ತಿದ್ದರು, ಅದೂ ಎದುರಿನ ಕನ್ನಡಿಯಲ್ಲಿ. "ಕೂತ್ಕೋ ಅಮ್ಮ" ಎಂದರು. ಅಷ್ಟೇ ಹೊರಟಿದ್ದು.

ಇಷ್ಟೂ ಹೊತ್ತು ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮಗಳ ಮುಖ ಮಾತ್ರ ಐದು ವಾರಗಳ ನಂತರ ಅರಳಿತ್ತು. "ಹಾಗಾದ್ರೆ ಅದು ನಮ್ಮ ಅಜ್ಜಿ ಕಥೆ! ನಾಳೆ ಸ್ಕೂಲಲ್ಲಿ ಹೇಳ್ತೀನಿ, ಅವರ ಕ್ಯಾಸೆಟ್ಟಲ್ಲಿ ಅದು ಸಿಗಲ್ಲ ಅಂತ" ಎಂದಳು. ಆಮೇಲೆ ಅಪ್ಪನ ಕೆಂಪು ಮುಖವನ್ನು, ಉಬ್ಬಿದ ಕೆನ್ನೆಯನ್ನು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿದಳು. ಅಡುಗೆಮನೆಗೆ ಹೋದಳು. ಡಬ್ಬಿಯ ಸದ್ದಾಯಿತು, ಚಮಚದ ಸದ್ದಾಯಿತು. ಒಂದು ದೊಡ್ಡ ಲೋಟ ಬೆಚ್ಚಗಿನ ಉಪ್ಪುನೀರನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರ ಮುಂದೆ ಚಾಚಿದಳು.

"ಎಲ್ಲಿ ನೋಯ್ತಿದೆ ಅಪ್ಪಾ?"

ಹೆಂಡತಿ, ತಾಯಿ, ಇಬ್ಬರೂ ನೋಡುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಕೆಂಪು ಪೆನ್ನಿನವರು ಲೋಟ ತೆಗೆದುಕೊಂಡು ಬಚ್ಚಲಿಗೆ ಹೋದರು. ಬಾಯ್ತುಂಬ ನೀರಿರುವಾಗ ಬಯ್ಯಲು ಬರುವುದಿಲ್ಲ. ಆ ಸಂಜೆ ಅವರು ಪೂರಾ ಲೋಟ ಖಾಲಿಯಾಗುವವರೆಗೂ ಮುಕ್ಕಳಿಸಿದರು, ಆಮೇಲೆ ಬಾಗಿಲು ತೆರೆಯದೆ, ಇನ್ನೊಂದು ಲೋಟ ಬೇಕು ಎಂದರು.