ರೇಡಿಯೋಗೆ ತಗಡಿನ ಅಂಗಿ

ಭಾರತಮ್ಮ ಸ್ನಾನ ಮುಗಿಸಿ ಮಹಡಿ ಹತ್ತಿದರು. ಒದ್ದೆ ಸೀರೆಯನ್ನು ಬಿದಿರುಕೋಲಿನ ತುದಿಗೆ ಸಿಕ್ಕಿಸಿ ಮೇಲೆತ್ತಿ, ಎರಡು ಗಳುಗಳ ನಡುವೆ ಬಿಗಿದಿದ್ದ ತಾಮ್ರದ ತಂತಿಯ ಮೇಲೆ ಹರವಿದರು. ಕೋಲಿನಿಂದಲೇ ಸುಕ್ಕು ಬಿಡಿಸಿದರು. ಸೆರಗು ಮೋಟುಗೋಡೆಯ ಮೇಲೆ ತೊಟ್ಟಿಕ್ಕುತ್ತಾ ಬಿತ್ತು. ಯಾರ ಕೈಗೂ ಎಟುಕದ ಎತ್ತರ. ಮಡಿ ಬಟ್ಟೆಗೆ ಇಂಥ ತಂತಿ ಶ್ರೀನಿವಾಸಪುರದ ಅವರ ಸ್ವಂತ ಮನೆಯಲ್ಲೂ ಇರಲಿಲ್ಲ.

ಅದೇ ಗಳಿಗೆಗೆ ಕೆಳಗೆ ಅಳಿಯನ ರೇಡಿಯೋ ಚರಚರ ಎಂದಿತು.

ಅಳಿಯ ಕೋದಂಡರಾಮಪ್ಪ ಕೋಲಾರದಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ಅತ್ತೆ ಬಂದು ಮೂರು ತಿಂಗಳಾಗಿತ್ತು. "ನಮ್ಮ ರಾಮಲಕ್ಷ್ಮಿ ಮೈಸೂರು ರೇಡಿಯೋದಲ್ಲಿ ಹಾಡೋದು ಕೇಳ್ಕೊಂಡು ಊರಿಗೆ ಹೊರಟುಬಿಡ್ತೀನಿ" ಎಂದು ಅವರು ಗೋಡೆಗೆ ಹೇಳಿದ್ದರು. ಅಳಿಯನೊಡನೆ ನೇರವಾಗಿ ಮಾತಾಡುವುದು ಅವರಲ್ಲಿ ಪದ್ಧತಿಯಲ್ಲ. ಏನಿದ್ದರೂ ಗೋಡೆಗೆ ಹೇಳಬೇಕು, ಇಲ್ಲ ಮಗಳಿಗೆ. ಅವನ ನಶ್ಯ, ಅವನ ಗೊರಕೆ, ಅವನು ತಂದ ಹುಳುಕು ಬದನೆಕಾಯಿ, ಎಲ್ಲವೂ ಈ ಮೂರು ತಿಂಗಳಲ್ಲಿ ಆ ಗೋಡೆಗೆ ಬಾಯಿಪಾಠವಾಗಿತ್ತು.

ಚಿಕ್ಕ ಮಗಳು ರಾಮಲಕ್ಷ್ಮಿಯ ಹಾಡು ಇವತ್ತು ಶುಕ್ರವಾರ ಸಂಜೆ ಆರಕ್ಕೆ. ಹಾಡು ಕೇಳಿಸಿದರೆ ಅತ್ತೆ ಹೊರಡುತ್ತಾರೆ. ಆದರೆ ರೇಡಿಯೋ ಒಳಗೆ ಯಾರೋ ಕಡಲೆ ಹುರಿಯುತ್ತಿದ್ದಾರೆ, ಅವರ ಹಿಂದೆ ಕಣಜದ ಗೂಡೊಂದು ಗುಂಯ್‌ಗುಡುತ್ತಿದೆ!

ಪಕ್ಕದ ಹಿಟ್ಟಿನ ಗಿರಣಿಯ ಮುನಿಶಾಮಿ ಕಿಟಕಿಯಲ್ಲಿ ತಲೆ ತೂರಿಸಿದ. "ರೇಡಿಯೋದಿಂದ ಇಳಿಸಿ ಭೂಮಿಗೆ ಹೂತಿರೋ ತಂತಿ ಸುತ್ತ ಮಣ್ಣು ಒಣಗೈತೆ ಶೆಟ್ರೆ. ನೀರು ಕುಡಿಸ್ರಿ!"

ಕೋದಂಡರಾಮಪ್ಪ ಹಿತ್ತಲಿನಲ್ಲಿ ಎಂಟು ಕೊಡ ನೀರು ಸುರಿದ. ಒಂಬತ್ತನೆಯದನ್ನು ಹೊತ್ತು ತರುವಾಗ ತನ್ನದೇ ಕೆಸರಿನಲ್ಲಿ ಜಾರಿ, ಒದ್ದೆ ಮೂಟೆಯ ಹಾಗೆ ಕೂತುಬಿಟ್ಟ. ಗುಂಯ್ ನಿಲ್ಲಲಿಲ್ಲ.

"ನಿನ್ನ ಗಿರಣಿ ಮೋಟಾರೇ ಕಣೋ ಬೊಗಳ್ತಿರೋದು!" ಎಂದ.

"ನನ್ನ ಮೋಟಾರು ಬೊಗಳುತ್ತಾ? ನೋಡೇಬಿಡಾಣ!" ಮುನಿಶಾಮಿ ರೋಷದಿಂದ ಗಿರಣಿ ನಿಲ್ಲಿಸಿದ. ಸದ್ದು ಅರೆಪಾಲು ಇಳಿಯಿತು, ಮಿಕ್ಕದ್ದು ಹಾಗೇ ಉಳಿಯಿತು. ರಾಗಿ ಬೀಸಿಸಲು ಬಂದಿದ್ದ ಹೆಂಗಸರು ಮೊರ, ಚೀಲಗಳ ಸಮೇತ ಶೆಟ್ಟರ ಪಡಸಾಲೆ ಸೇರಿದರು.

ಮಧ್ಯಾಹ್ನದ ಮೇಲೆ ತಗಡು ಕೆಲಸದ ರಹಮತ್ತುಲ್ಲಾ ಬಂದ. ಟಾಕೀಸಿನ ಯಂತ್ರಗಳಿಗೆ ತಗಡು ಹೊಡೆದ ಕೈ. ಗೋಡೆಯನ್ನೇ ದಿಟ್ಟಿಸಿ ನಕ್ಕ.

"ಅಲ್ಲಿ ನೋಡ್ರಿ ಶೆಟ್ರೆ. ಮಹಡಿಯಿಂದ ಇಳಿದ ರೇಡಿಯೋ ತಂತಿ, ಕರೆಂಟ್ ತಂತಿ ಎರಡೂ ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತಾವೆ. ಅದು ಗೊಣಗಿದ್ದೆಲ್ಲ ಇದರ ಕಿವಿಗೆ ಬೀಳ್ತೈತೆ. ಇದಕ್ಕೊಂದು ತಗಡಿನ ಅಂಗಿ ಹೊಲೀಬೇಕು."

ಸೀಮೆಎಣ್ಣೆ ಡಬ್ಬ ಕತ್ತರಿಸಿ, ಸುರುಳಿ ಸುತ್ತಿ, ಕೊಳವೆ ಮಾಡಿ, ಬಟ್ಟೆ ಸುತ್ತಿದ ತಂತಿಯನ್ನು ಅದರೊಳಗೆ ತೂರಿಸುವಷ್ಟರಲ್ಲಿ ಐದು ಗಂಟೆ ದಾಟಿತು. ರೇಡಿಯೋದ ಕಿವಿ ತಿರುವಿದರೆ, ಗುಂಯ್!

"ಹೋಯ್ತು ನನ್ನ ಬಾಳು!" ಎಂದ ಕೋದಂಡರಾಮಪ್ಪ.

"ತಡೀರಿ! ಬರೀ ಅಂಗಿ ತೊಡಿಸಿದ್ರೆ ಸಾಕಾ? ಅಂಗೀನ ಭೂಮಿಗೆ ಕಟ್ಬೇಕು." ಕೊಳವೆಗೆ ಒಂದು ತಂತಿ ಬೆಸೆದು ರಹಮತ್ತುಲ್ಲಾ ಅದನ್ನು ಭೂಮಿಯ ತಂತಿಗೆ ಸೇರಿಸಿದ. ಕತ್ತಿಯಿಂದ ಕೊಯ್ದಂತೆ ಗುಂಯ್ ನಿಂತಿತು! ಹೆಂಗಸರು ಮೊರ ಬಡಿದರು.

ಆದರೆ ಕಡಲೆ ಹುರಿಯುವವರು ಮಾತ್ರ ಒಳಗೇ ಇದ್ದರು. ಚರಚರ. ಗಂಟೆ ಆರಕ್ಕೆ ಹತ್ತು ನಿಮಿಷ.

"ಮೇಲೆ ಹೋಗಿ ನೋಡಿದ್ರಾ?" ಎಂದ ರಹಮತ್ತುಲ್ಲಾ.

"ಹೇಗೆ ಹೋಗ್ಲಿ? ಅತ್ತೆಗೆ ದಿನಕ್ಕೆ ಮೂರು ಸ್ನಾನ, ಮೂರು ಸೀರೆ. ಮಡಿ ಒಣಗೋ ತನಕ ಯಾರೂ ಮಹಡಿ ಹತ್ತೋ ಹಾಗಿಲ್ಲ."

"ಸೀರೆ ಯಾವುದರ ಮೇಲೆ ಒಣಗ್ತೈತೆ?"

ಕೋದಂಡರಾಮಪ್ಪ ಬಾಯಿ ತೆರೆದ. ಹಾಗೇ ತೆರೆದುಕೊಂಡು ಮೆಟ್ಟಿಲು ಹತ್ತಿ ಓಡಿದ. ರೇಡಿಯೋಗೆ ದನಿ ಹಿಡಿದು ತರುವ ಏರಿಯಲ್ ತಂತಿಯ ಮೇಲೆ ಹದಿನಾರು ಮೊಳದ ಹಸಿ ಸೀರೆ, ಗಾಳಿಗೆ ಗೋಡೆ ಮುಟ್ಟಿ ಬಿಟ್ಟು ಮಾಡುತ್ತಾ ಮೈಸೂರಿನಿಂದ ಬಂದದ್ದನ್ನೆಲ್ಲ ಮೋಟುಗೋಡೆಗೆ ಕುಡಿಸುತ್ತಿತ್ತು!

ಮುಟ್ಟಿದರೆ ಮೈಲಿಗೆ. "ಅನಸೂಯಾ! ನಿಮ್ಮಮ್ಮನಿಗೆ ಹೇಳೇ, ಬೇಗ!" ಎಂದು ಹೆಂಡತಿಯನ್ನು ಕೂಗಿದ.

ಭಾರತಮ್ಮ ಕೋಲು ಹಿಡಿದು ಬಂದರು. "ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ?" ಎಂದು ಮೋಟುಗೋಡೆಯನ್ನು ಕೇಳಿ, ಸೀರೆ ಎತ್ತಿಕೊಂಡರು. ಕೆಳಗಿನಿಂದ ಒಂದೇ ಕೂಗು: "ಬಂತು! ಬಂತು!"

ಏನು ಹಾಡು! ರಾಮಲಕ್ಷ್ಮಿ ಉಸಿರು ತೆಗೆದುಕೊಂಡದ್ದೂ, ತಾಳಕ್ಕೆ ಅವಳ ಬಳೆ ಕಿಣಿಗುಟ್ಟಿದ್ದೂ ಕೇಳಿಸಿತು. ಭಾರತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೋದಂಡರಾಮಪ್ಪನ ಕಾಲು ನೆಲದ ಮೇಲಿರಲಿಲ್ಲ.

"ನಾಳೆ ಬೆಳಗಿನ ರೈಲಿಗೆ ಜಟಕಾ ಹೇಳ್ಲಾ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ.

"ನೀವು ಡಬ್ಬ ಕತ್ತರಿಸೋ ಗದ್ದಲದಲ್ಲಿದ್ದಾಗ, ಆಗ್ಲೇ ನಾಲ್ಕೂವರೆಗೆ ಜಟಕಾ ಬಂದಿತ್ತು ಕಣ್ರೀ. ಇನ್ನು ಹಾಡು ಕೇಳಿಸೋ ಹಾಗಿಲ್ಲ ಅಂತ ಅಮ್ಮ ಪೆಟ್ಟಿಗೆ ಕಟ್ಟಿ ಹೊರಟೇಬಿಟ್ಟಿದ್ಲು. 'ನಿನಗೋಸ್ಕರ ಅವರು ಕೆಸರಲ್ಲಿ ಬಿದ್ದು ಒದ್ದಾಡ್ತಿದ್ದಾರೆ, ನಿಲ್ಲಮ್ಮಾ' ಅಂತ ನಾನೇ ಜಟಕಾನ ವಾಪಸ್ ಕಳಿಸ್ದೆ."

ಅವನು ಗೋಡೆಗೆ ಒರಗಿದ. ಅಷ್ಟರಲ್ಲಿ ರೇಡಿಯೋದವರ ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಬಂತು: ಈ ಗಾಯಕಿಯ ಹಾಡುಗಾರಿಕೆ ಇನ್ನು ಯುಗಾದಿಯ ತನಕ ಪ್ರತಿ ಶುಕ್ರವಾರ ಇರುತ್ತದೆ.

ದಸರಾ ಮುಗಿದು ಇನ್ನೂ ವಾರವಾಗಿರಲಿಲ್ಲ.

ಭಾರತಮ್ಮ ತಿರುಗಿದರು. ಮಗಳ ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದರು.

"ಅಳಿಯಂದ್ರೇ, ಇಷ್ಟು ಚೆನ್ನಾಗಿ ಕೇಳಿಸೋ ಮನೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಎಂದು ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದರು.

ರೇಡಿಯೋದಲ್ಲಿ ಎರಡನೆಯ ಹಾಡು ಶುರುವಾಯಿತು. ಎಲ್ಲರ ಕಿವಿಯೂ ಅತ್ತ. ಕೋದಂಡರಾಮಪ್ಪ ಮೆಲ್ಲಗೆ ಗೋಡೆಯ ಕಡೆ ತಿರುಗಿದ.

"ಅತ್ತೆಯವರ ಸೀರೆ ಇನ್ನೂ ಒಣಗಿಲ್ಲ," ಎಂದ. "ಅದನ್ನ ಮತ್ತೆ ಆ ತಂತಿ ಮೇಲೇ ಹಾಕೋಕೆ ಹೇಳಿ."